ಅತ್ತೆ ಕೇಳಿದ್ದು

ಜುಲೈ 12, 2025, ಶನಿವಾರ

ಮಾವನ ಕ್ಯಾನ್ಸರ್ ರಿಪೋರ್ಟ್ ಬಂದ ಮೇಲೆ ಇಲ್ಲಿ ಏನೂ ಬರೆದಿರಲಿಲ್ಲ. ಇವತ್ತೂ ಬರೆಯುವ ಮನಸ್ಸಿರಲಿಲ್ಲ. ಆದರೆ ಮಧ್ಯಾಹ್ನ ಅತ್ತೆ ಒಂದು ಮಾತು ಕೇಳಿದರು, ಅದು ತಲೆಯಿಂದ ಹೋಗ್ತಾನೇ ಇಲ್ಲ.

ಊಟ ಆಗಿ ಮಾವ ಒಳಗೆ ಮಲಗಿದ್ದರು. ಅತ್ತೆ ಹಿಂದಿನ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು, ನಾನೂ ಒಂದು ಚಾಕು ಹಿಡಿದು ಕೂತೆ. ಮಳೆ ಅಂದರೆ ಮಳೆ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ತಲೆ ಎತ್ತದೆಯೇ ಕೇಳಿದರು, "ಅಲ್ಲ ಮಾರಾಯ್ತಿ, ಆ ಧೂಳು ಇವರ ಅಂಗಿಯಲ್ಲಿ ಮನೆಗೂ ಬರ್ತಿತ್ತಲ್ಲ, ಒಗೆದದ್ದು ನಾನೇ. ನಂಗೆ ಎಂತದೂ ಆಗ್ಲಿಕ್ಕಿಲ್ಲ ಅಲ್ವಾ?"

ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮಾವ ಬೊಂಬಾಯಿಗೆ ಹೋದದ್ದು 1978ರಲ್ಲಿ. ನಮ್ಮ ಕಡೆಯ ಹುಡುಗರೆಲ್ಲ ಹೋಟೆಲು ಸೇರಿದರೆ ಇವರು ಡಾಕ್‌ನಲ್ಲಿ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಸೇರಿದರು. ರಿಪೇರಿಗೆ ಬಂದ ಹಡಗುಗಳ ಎಂಜಿನ್ ರೂಮಿಗೆ ಇಳಿದು ಬಿಸಿ ಪೈಪುಗಳಿಗೆ ಲ್ಯಾಗಿಂಗ್ ಮಾಡುವ ಕೆಲಸ. ಚೀಲದಿಂದ ಬಿಳಿ ಪುಡಿ ಬಕೆಟಿಗೆ ಸುರಿದು, ನೀರು ಹಾಕಿ ಕೈಯಲ್ಲೇ ಕಲಸಿ, ಪೈಪಿನ ಸುತ್ತ ಮೆತ್ತಿ, ಮೇಲಿಂದ ಬಟ್ಟೆ ಸುತ್ತುವುದು. ಅದು ಪರವಾಗಿಲ್ಲ, ಒದ್ದೆ ಇರುತ್ತಿತ್ತು. ಹಳೆಯದನ್ನು ಸುತ್ತಿಗೆಯಲ್ಲಿ ಒಡೆದು ತೆಗೆಯುವುದಿತ್ತಲ್ಲ, ಅದೇ ಜಾಸ್ತಿ ಕಷ್ಟ ಅಂತಾರೆ ಮಾವ. ಕೆಳಗೆ ಗಾಳಿ ಇಲ್ಲ, ಮೂಗಿಗೆ ಒಂದು ಕರ್ಚೀಫು. ಸಂಜೆ ಮೇಲೆ ಹತ್ತಿ ಬಂದರೆ ಹಿಟ್ಟಿನ ಗಿರಣಿಯವರ ಹಾಗೆ ರೆಪ್ಪೆಯೆಲ್ಲ ಬೆಳ್ಳಗೆ. ಆ ಪುಡಿಯ ಹೆಸರು ಆಸ್ಬೆಸ್ಟಾಸ್ ಅಂತ ಅವರಿಗೆ ಗೊತ್ತಿತ್ತು, ಚೀಲದ ಮೇಲೇ ಬರೆದಿರುತ್ತಿತ್ತಂತೆ. ಅದು ಏನು ಮಾಡುತ್ತದೆ ಅಂತ ಮಾತ್ರ ಯಾರೂ ಹೇಳಲಿಲ್ಲ.

1990ರಲ್ಲಿ ಅಜ್ಜನಿಗೆ ಹುಷಾರಿಲ್ಲ ಅಂತ ಊರಿಗೆ ಬಂದವರು ತಿರುಗಿ ಹೋಗಲಿಲ್ಲ. ಆಮೇಲೆ ಅಡಿಕೆ ತೋಟ, ದನ, ದೇವಸ್ಥಾನದ ಕಮಿಟಿ. ಬೊಂಬಾಯಿ ನಮಗೆಲ್ಲ ಅವರ ಬಾಯಲ್ಲಿ ಕೇಳುವ ಕತೆ ಅಷ್ಟೇ ಆಗಿತ್ತು.

ಕಳೆದ ದೀಪಾವಳಿ ಹೊತ್ತಿಗೆ ರಸ್ತೆಯಿಂದ ಮನೆಗೆ ಗುಡ್ಡ ಹತ್ತುವಾಗ ಅರ್ಧದಲ್ಲಿ ನಿಲ್ಲತೊಡಗಿದರು. ವಯಸ್ಸಾಯ್ತು ಅಂದುಕೊಂಡೆವು. ಆಮೇಲೆ ಒಣ ಕೆಮ್ಮು. ಬಲಗಡೆ ಪಕ್ಕೆಯಲ್ಲಿ ನೋವು, ಆ ಮಗ್ಗುಲಿಗೆ ಮಲಗಲಿಕ್ಕೆ ಆಗುತ್ತಿರಲಿಲ್ಲ. ಅಂಗಿ ದೊಗಳೆ ಆಯಿತು. ಎಕ್ಸ್‌ರೇ ತೆಗೆದರೆ ಬಲಗಡೆ ಅರ್ಧಕ್ಕರ್ಧ ಬಿಳಿ, ಎದೆಯಲ್ಲಿ ನೀರು ತುಂಬಿದೆ ಅಂದರು. ನಮ್ಮಲ್ಲಿ ಎದೆಯಲ್ಲಿ ನೀರು ಅಂದರೆ ಡಾಕ್ಟರುಗಳಿಗೆ ಮೊದಲು ಹೊಳೆಯುವುದು ಟಿಬಿ, ಬಹಳ ಸಲ ಅದೇ ಆಗಿರುತ್ತದೆ ಕೂಡ, ಹಾಗಾಗಿ ನೀರು ತೆಗೆದು ಟಿಬಿ ಮಾತ್ರೆ ಶುರು ಮಾಡಿದರು. ನೀರು ಮತ್ತೆ ತುಂಬಿತು. ಎರಡನೇ ಸಲ ಕೆಂಪಗೆ ಬಂತು.

ನನಗೆ ಸಿಟ್ಟು ಬರುವುದು ಇಲ್ಲಿ. ಇಷ್ಟೂ ತಿಂಗಳು ನೋಡಿದವರೆಲ್ಲ ಕೇಳಿದ್ದು ಒಂದೇ, ಬೀಡಿ ಉಂಟಾ? ಇಲ್ಲ. ಸಿಗರೇಟು? ಇಲ್ಲ. ಅಲ್ಲಿಗೆ ಮುಗಿಯಿತು. ಬೀಡಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲವಂತೆ. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರು, ಕಲಿಯುತ್ತಿರುವವಳೇ ಇರಬೇಕು, ಏನು ಕೆಲಸ ನಿಮ್ಮದು ಅಂತ ಕೇಳಿದಳು. ಮಾವ ಅಡಿಕೆ ತೋಟ ಅಂದರು. "ಅದಕ್ಕೂ ಮೊದಲು?" ಬೊಂಬಾಯಿ. "ಬೊಂಬಾಯಲ್ಲಿ ಏನು?" ಪೈಪಿಗೆ ಲ್ಯಾಗಿಂಗ್ ಅಂದದ್ದೇ ತಡ, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

ಎದೆಯ ನೀರನ್ನು ಪರೀಕ್ಷೆ ಮಾಡಿದರೆ ಇದು ಎಷ್ಟೋ ಸಲ ಖಚಿತವಾಗಿ ಸಿಗುವುದಿಲ್ಲವಂತೆ. ಪಕ್ಕೆಯ ಸಂದಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ಪೊರೆಯ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಮೀಸೋಥೀಲಿಯೋಮಾ. ಶ್ವಾಸಕೋಶದ ಒಳಗಲ್ಲ, ಅದರ ಸುತ್ತ ಇರುವ ಪೊರೆಯ ಕ್ಯಾನ್ಸರ್. ಧೂಳು ಒಳಗೆ ಹೋಗಿ 20 ವರ್ಷದಿಂದ 50 ವರ್ಷದವರೆಗೆ ಸುಮ್ಮನಿದ್ದು ಆಮೇಲೆ ಏಳುತ್ತದೆ ಇದು. ಮೂರು ಬಗೆಯಲ್ಲಿ ಮಾವನದ್ದು ಎಪಿಥೀಲಿಯಾಯ್ಡ್, ಇದ್ದುದರಲ್ಲಿ ವಾಸಿ ಅಂದರು. ಇದ್ದುದರಲ್ಲಿ!

ಮಸ್ಕತ್ ಭಾವ ದಿನಾ ರಾತ್ರಿ ಫೋನು. ಆಪರೇಷನ್ ಮಾಡಿಸುವ, ಖರ್ಚು ನಾನು ನೋಡ್ತೇನೆ ಅಂತ. ಆ ಆಪರೇಷನ್ ಬಗ್ಗೆ ನಾನೂ ಡಾಕ್ಟರ ಹತ್ತಿರ ಕೇಳಿದೆ. ಬ್ರಿಟನ್ನಿನಲ್ಲಿ ಇದರ ಮೇಲೇ ಒಂದು ದೊಡ್ಡ ಅಧ್ಯಯನ ನಡೆದು 2024ರಲ್ಲಿ ಪ್ರಕಟವಾಗಿದೆ, ಪೊರೆ ಕೊಯ್ದು ತೆಗೆದು ಕಿಮೋ ಕೊಟ್ಟವರಿಗಿಂತ ಬರೀ ಕಿಮೋ ತೆಗೆದುಕೊಂಡವರೇ ಹೆಚ್ಚು ಕಾಲ ಇದ್ದರು, ತೊಂದರೆಯೂ ಕಡಿಮೆ. ಇನ್ನು ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವುದು, ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದ ಎರಡು ಇಂಜೆಕ್ಷನ್ನುಗಳ ಜೋಡಿ. ಅದರ ಲಾಭ ಎದ್ದು ಕಂಡದ್ದು ಉಳಿದ ಎರಡು ಬಗೆಯವರಿಗೆ, ಮಾವನ ಬಗೆಗೆ ಕಿಮೋಗೂ ಅದಕ್ಕೂ ವ್ಯತ್ಯಾಸ ಅಷ್ಟಿಲ್ಲ. ರೇಟು ಕೇಳಿ ನಾನು ಫೈಲು ಮುಚ್ಚಿದೆ. ಹಾಗಾಗಿ ಪೆಮೆಟ್ರೆಕ್ಸೆಡ್ ಅನ್ನುವ ಕಿಮೋ ಮದ್ದು, ಅದರ ಜೊತೆ ಇನ್ನೊಂದು, ಮೂರು ವಾರಕ್ಕೊಮ್ಮೆ. ಅದಕ್ಕೆ ಒಂದು ವಾರ ಮೊದಲೇ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ಶುರು ಮಾಡಬೇಕು, ಇಲ್ಲದಿದ್ದರೆ ಮದ್ದೇ ಮೈಗೆ ಹೆಚ್ಚಾಗುತ್ತದೆ. ಮಾತ್ರೆಯ ಉಸ್ತುವಾರಿ ಅತ್ತೆಯದ್ದು, ತಪ್ಪುವ ಮಾತೇ ಇಲ್ಲ.

ಇದರಿಂದ ಗುಣ ಆಗುತ್ತದಾ ಅಂತ ಮಾವನೇ ನೇರ ಕೇಳಿದರು. ಡಾಕ್ಟರೂ ನೇರ ಹೇಳಿದರು, ಗುಣ ಅಲ್ಲ, ಸಮಯ. ಈ ಮದ್ದಿನ ಮೊದಲ ದೊಡ್ಡ ಪರೀಕ್ಷೆ 2003ರದ್ದು, ಅದರಲ್ಲಿ ಸರಾಸರಿ 9 ತಿಂಗಳು ಇದ್ದದ್ದು 12 ತಿಂಗಳಾಯಿತು. ಕೆಲವರು ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದಾರೆ, ಕೆಲವರು ಇಲ್ಲ. ಮಾವ ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡಿ, "ಕೊಯ್ಯುದು ಬೇಡ. ನೀರು ತುಂಬದ ಹಾಗೆ ಎಂತ ಮಾಡ್ಲಿಕ್ಕೆ ಆಗ್ತದೆ ಅದು ಮಾಡಿ. ಮದ್ದು ಕೊಡುದಾದ್ರೆ ಕೊಡಿ, ನೋಡುವ" ಅಂದರು. ನೀರು ತೆಗೆದು ಟಾಲ್ಕ್ ಪುಡಿ ಹಾಕಿ ಪೊರೆಗಳನ್ನು ಅಂಟಿಸಿದರು. ಆ ಎರಡು ದಿನ ಜ್ವರ, ನೋವು, ಮಾವ ಯಾರ ಹತ್ತಿರವೂ ಮಾತಾಡಲಿಲ್ಲ. ಆದರೆ ಈಗ ಎರಡು ತಲೆದಿಂಬು ಸಾಕು ಮಲಗಲಿಕ್ಕೆ.

ನೋವಿನ ಮದ್ದು ಕೊಡುವ ಪ್ಯಾಲಿಯೇಟಿವ್ ವಿಭಾಗದ ಚೀಟಿಯನ್ನು ಭಾವನಿಗೆ ಕಳಿಸಿದರೆ ಅವನು ಫೋನಿನಲ್ಲಿ ಕೂಗಿದ, ಈಗಲೇ ಅಲ್ಲಿಗೆ ಯಾಕೆ ಅಂತ. ಅದು ಕೊನೆಗೆ ಹೋಗುವ ಜಾಗ ಅಂತ ಅವನ ತಲೆಯಲ್ಲಿ. ಮೊದಲಿಂದಲೇ ಹೋಗಬೇಕು, ಉಸಿರು ಕಟ್ಟುವುದಕ್ಕೂ ಅವರ ಹತ್ತಿರ ಮದ್ದಿದೆ. ಇದನ್ನು ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಬ್ಯಾಲೆನ್ಸೂ ತಾಳ್ಮೆಯೂ ಒಟ್ಟಿಗೆ ಮುಗಿಯಿತು.

ಮತ್ತೆ ಅತ್ತೆಯ ಮಾತಿಗೆ ಬರ್ತೇನೆ. ಸುಳ್ಳು ಹೇಳುವ ಅಂದರೆ ಬಾಯಿ ಬರಲಿಲ್ಲ. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಇದು ಬಂದದ್ದು ದಾಖಲಾಗಿದೆ. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ವರದಿಯಲ್ಲೇ, ಗಣಿಗೆ ಇಳಿಯದೆ ಬರೀ ಗಣಿಯ ಹತ್ತಿರ ಬೆಳೆದವರೂ ಇದ್ದರು. ಅಷ್ಟೆಲ್ಲ ಅವರಿಗೆ ಹೇಳಲಿಲ್ಲ. ಬರುವ ಸಾಧ್ಯತೆ ಕಡಿಮೆ, ಆದರೆ ಇಲ್ಲ ಅಂತ ಅಲ್ಲ, ಧೂಳು ತಾಗಿದವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ, ಆದರೆ ಉಸಿರು ಕಟ್ಟಿದರೆ, ಪಕ್ಕೆ ನೋವು ಬಂದರೆ ಗ್ಯಾಸು ಅಂತ ಮುಚ್ಚಿಡಬೇಡಿ, ಡಾಕ್ಟರ ಹತ್ತಿರ ಹೋದ ಕೂಡಲೇ ಈ ಅಂಗಿಯ ಕತೆ ಹೇಳಿ ಅಂದೆ.

"ಮೊದ್ಲು ಕೊಡವಿ ಆಮೇಲೆ ನೀರಿಗೆ ಹಾಕುದು" ಅಂದರು ಅತ್ತೆ. "ಚಾಳಿನ ನಳ್ಳಿಯ ಹತ್ರ. ಕೊಡವದಿದ್ರೆ ಬಕೆಟಿನ ನೀರೆಲ್ಲ ಬೆಳ್ಳಗೆ ಆಗ್ತಿತ್ತು. ಇವ ಸೊಂಟದಲ್ಲೇ ಇರ್ತಿದ್ದ, ಕೆಳಗೆ ಬಿಟ್ರೆ ಅಳುದು." ಇವ ಅಂದರೆ ಮಸ್ಕತ್ ಭಾವ. ಇಬ್ಬರೂ ಸುಮ್ಮನಾದೆವು. ಆಮೇಲೆ, "ಅವನಿಗೆ ಹೇಳ್ಬೇಡ" ಅಂದರು. ಹೇಳದೆ ಇರುವುದು ಸರಿಯಾ? ಅವನಿಗೆ ಈಗ ನಲವತ್ತು ಹತ್ತಿರ ಬಂತು. ಗೊತ್ತಿದ್ದರೆ ಒಳ್ಳೆಯದು ಅಂತ ನನಗೆ ಅನಿಸುತ್ತದೆ, ಆದರೆ ಹೇಳಬೇಕಾದವಳು ನಾನಾ?

ಮಳೆ ನಿಂತ ಕೂಡಲೇ ಕೊಟ್ಟಿಗೆಯ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಒಡೆದು ಬಿಸಾಡಿಸ್ತೇನೆ ಅಂತ ಭಾವ ಬೇರೆ ಹಟ ಹಿಡಿದಿದ್ದಾನೆ. ಒಡೆಯುವುದೇ ತಪ್ಪು, ಮಾರಾಯ! ಅದು ತಲೆಯ ಮೇಲೆ ಸುಮ್ಮನೆ ಇದ್ದರೆ ಅಷ್ಟು ಅಪಾಯ ಇಲ್ಲ, ಕೊಯ್ದರೆ, ತೂತು ಕೊರೆದರೆ, ಒಡೆದರೆ ಧೂಳು. ಬದಲಿಸಲೇಬೇಕಾದರೆ ಚೆನ್ನಾಗಿ ಒದ್ದೆ ಮಾಡಿ ಇಡೀ ಶೀಟು ಇಳಿಸಬೇಕು. ಬ್ರಿಟನ್ 1999ರಲ್ಲೇ ಆಸ್ಬೆಸ್ಟಾಸ್ ನಿಲ್ಲಿಸಿತು. ನಮ್ಮಲ್ಲಿ ಹೊರದೇಶದಿಂದ ತರಿಸಿ ಶೀಟು ಮಾಡಿ ಇನ್ನೂ ಮಾರ್ತಾರೆ. ಪೇಟೆಯಲ್ಲಿ ಅಂಗಡಿಯ ಎದುರೇ ಮೂಗಿಗೆ ಏನೂ ಇಲ್ಲದೆ ಹುಡುಗರು ಅದನ್ನು ಕೊಯ್ತಾ ಇರ್ತಾರೆ.

ಪರಿಹಾರ ಸಿಗುತ್ತದಾ ಅಂತ ವಕೀಲರೊಬ್ಬರ ಹತ್ತಿರ ಕೇಳಿದೆ. ಕಾರ್ಮಿಕರ ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರು ಇದೆ. ಆದರೆ ಅಲ್ಲೇ ಕೆಲಸ ಮಾಡಿದ್ದಕ್ಕೆ ಕಾಗದ ಬೇಕು, ಆ ಕಂಟ್ರಾಕ್ಟರ್ ಈಗ ಎಲ್ಲಿ? ಸುಪ್ರೀಂ ಕೋರ್ಟು 1995ರಲ್ಲಿ ಆಸ್ಬೆಸ್ಟಾಸ್ ಕಾರ್ಖಾನೆಗಳಿಗೆ ಹೇಳಿತ್ತು, ಕೆಲಸಗಾರರ ಆರೋಗ್ಯದ ದಾಖಲೆಯನ್ನು ಸೇರಿದ ದಿನದಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿವರೆಗೆ ಇಡಬೇಕು ಅಂತ. ಅದೇ ಲೆಕ್ಕ ಮಾವನಿಗೆ ಹಾಕಿದರೂ 2018ಕ್ಕೆ ಮುಗಿಯಿತು. ಉಸಿರು ಕಟ್ಟಿದ್ದು 2024ಕ್ಕೆ.

ಇರಲಿ, ಬರೆದಿಡುವ ಅಂತ ಸಂಜೆ ಮಾವನ ಹತ್ತಿರ ಕೂತೆ. ಯಾವ ವರ್ಷ, ಯಾವ ಹಡಗು, ಜೊತೆಗೆ ಯಾರು. ಎಷ್ಟೋ ದಿನದ ಮೇಲೆ ಮಾವ ನಕ್ಕರು, ಕ್ಯಾಂಟೀನಿನವನಿಗೆ ಟೋಪಿ ಹಾಕಿ ದಿನಾ ಎರಡು ಚಾ ಕುಡಿಯುತ್ತಿದ್ದ ಕತೆ ಹೇಳಿ. ಅವರ ಬಕೆಟಿನಲ್ಲೇ ಕಲಸುತ್ತಿದ್ದವರು ಇನ್ನಿಬ್ಬರಂತೆ, ಒಬ್ಬ ಕುಮಟಾದವನು, ಒಬ್ಬ ಕಾರವಾರದವನು. "ಕುಮಟಾದವ ಹೋದ. ಎಂತದೋ ಎದೆದು. ಟಿಬಿ ಅಂತ ಹೇಳಿದ ಹಾಗೆ ನೆನಪು" ಅಂದವರು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದರು.

ಕಾರವಾರದವರು ಇದ್ದಾರೆ, ಮಗನ ನಂಬರು ಅತ್ತೆಯ ಹಳೆ ಡೈರಿಯಲ್ಲಿ ಸಿಕ್ಕಿತು. ನಾಳೆ ಭಾನುವಾರ, ಮನೆಯಲ್ಲೇ ಇರಬಹುದು. ಸಾಕ್ಷಿಗೆ ಅವರೇ ಬೇಕು. ಆದರೆ ಅಪ್ಪನಿಗೆ ಕೆಮ್ಮು ಉಂಟಾ ಅಂತ ಮೊದಲು ಕೇಳುವುದಾ, ಇಲ್ಲ ಕಾಗದದ ವಿಷಯ ಹೇಳಿ ಆಮೇಲೆ ನಿಧಾನಕ್ಕೆ ಕೇಳುವುದಾ?