ಕಂದು ಕಾಗದದ ಮೇಲಿನ ಎಣ್ಣೆ ಕಲೆ

"ಗ್ರಿಪ್ ಜಾರುತ್ತಿದೆ ಸರ್, ತುಂಡಿನ ಮೇಲೆ ಎಣ್ಣೆ ಇದ್ದಂತಿದೆ" ಎಂದು ಯುಟಿಎಂ (ಪ್ಲಾಸ್ಟಿಕ್ ತುಂಡನ್ನು ಗ್ರಿಪ್‌ಗಳಲ್ಲಿ ಹಿಡಿದು ಎಳೆದು ಬಲ ಅಳೆಯುವ ಯಂತ್ರ) ನಡೆಸುವ ಸಹೋದ್ಯೋಗಿ ಹೇಳಿದಾಗ ನಾನು ತಲೆಯೆತ್ತಿಯೂ ನೋಡಲಿಲ್ಲ. "ಅದು ತುಂಡು ಅಂಟದಿರಲೆಂದು ಅಚ್ಚಿಗೆ ಬಳಿದ ರಿಲೀಸ್ ಏಜೆಂಟ್. ಒರೆಸಿ, ಎಮರಿ ಪೇಪರ್ ಇಟ್ಟು ಬಿಗಿ ಮಾಡಿ" ಎಂದೆ. ಎರಡು ವರ್ಷ ಕಳೆದರೂ ಆ ಉತ್ತರ ನೆನಪಾದಾಗ ಮುಖ ಬಿಸಿಯಾಗುತ್ತದೆ.

ಬಿಸ್‌ಫಿನಾಲ್-ಎ ಎಪಾಕ್ಸಿ ಎಂಬ ಪ್ಲಾಸ್ಟಿಕ್ ರಾಳ ಗಟ್ಟಿಯಾಗಿದ್ದರೂ ಪೆಡಸು. ಒಂದು ಸಣ್ಣ ಬಿರುಕು ಸಿಕ್ಕರೆ ಸಾಕು, ಗಾಜಿನಂತೆ ಸೀಳಿಹೋಗುತ್ತದೆ. ಅದರ ಐದನೆಯ ಒಂದು ಭಾಗವನ್ನು ಎಪಾಕ್ಸಿಕರಿಸಿದ (ರಾಳದ ಜಾಲಕ್ಕೆ ಕೂಡಬಲ್ಲ ಎಪಾಕ್ಸಿ ಗುಂಪುಗಳಿರುವ) ಸೋಯಾ ಎಣ್ಣೆಗೆ ಬದಲಿಸಿ, ಅಮೀನ್ ಹಾರ್ಡನರ್‌ನಿಂದ ಕ್ಯೂರ್ ಮಾಡಿ, ಅಂದರೆ ಗಟ್ಟಿಯಾಗಿಸಿ, ಏಟು ತಾಳುವ ಫಲಕ ತಯಾರಿಸುವುದು ನನ್ನ ಕೆಲಸವಾಗಿತ್ತು. ಎಣ್ಣೆಯ ಎಪಾಕ್ಸಿ ಗುಂಪುಗಳು ಕೊಬ್ಬಿನಾಮ್ಲದ ಸರಪಳಿಯ ನಡುವೆ ಇರುವುದರಿಂದ ಅಮೀನ್ ಜೊತೆ ಬಹಳ ನಿಧಾನವಾಗಿ ವರ್ತಿಸುತ್ತವೆ ಎಂಬುದು ನನಗೆ ಗೊತ್ತಿತ್ತು. ಆದರೆ ಇದ್ದ ಒಂದೇ ಓವನ್ ಬೇರೆ ತಂಡಕ್ಕೆ ಹಂಚಿಕೆಯಾಗಿತ್ತು, ಗ್ರಾಹಕರ ಸಭೆಯ ದಿನಾಂಕವೂ ನಮ್ಮನ್ನು ಕೇಳದೆಯೇ ನಿಗದಿಯಾಗಿತ್ತು. ಹೀಗಾಗಿ ಓವನ್‌ನಲ್ಲಿ ಬಿಸಿ ಮಾಡಿ ವರ್ತನೆ ಪೂರ್ತಿಗೊಳಿಸುವ ಆರು ಗಂಟೆಯ ಪೋಸ್ಟ್ ಕ್ಯೂರನ್ನು ಎರಡು ಗಂಟೆಗೆ ಮುಗಿಸಿದೆವು.

ಫಲಿತಾಂಶ ನೋಡಿ ಎಲ್ಲರಿಗೂ ಸಂತೋಷವಾಯಿತು. ಎಳೆತದ ಕರ್ವ್‌ನ ಕೆಳಗಿನ ವಿಸ್ತೀರ್ಣ, ಅಂದರೆ ಮುರಿಯುವ ಮೊದಲು ತುಂಡು ನುಂಗಿದ ಶಕ್ತಿ, ದುಪ್ಪಟ್ಟಾಗಿತ್ತು, ನಾಚ್ (ಕಚ್ಚು) ಹಾಕಿದ ತುಂಡಿಗೆ ಲೋಲಕದಿಂದ ಹೊಡೆಯುವ ಐಝೋಡ್ ಪರೀಕ್ಷೆಯ ಅಂಕಿಯೂ ಏರಿತ್ತು. ತುಂಡಿನ ಮೇಲೇ ಕೂತು ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರ್ ಕ್ಯಾಲಿಬ್ರೇಶನ್‌ಗೆ ಹೋಗಿದ್ದುದರಿಂದ ಹಿಗ್ಗುವಿಕೆಯನ್ನು ಕ್ರಾಸ್‌ಹೆಡ್ (ಗ್ರಿಪ್ ಎಳೆಯುವ ಯಂತ್ರದ ಅಡ್ಡತೊಲೆ) ಚಲನೆಯಿಂದಲೇ ಲೆಕ್ಕ ಹಾಕಿದ್ದೆವು. ಅಂದರೆ ಗ್ರಿಪ್‌ನಲ್ಲಿ ಜಾರಿದ ದೂರವೂ ಪ್ಲಾಸ್ಟಿಕ್ ಹಿಗ್ಗಿದ ದೂರವೆಂದೇ ದಾಖಲಾಗಿತ್ತು. ಇದಕ್ಕಿಂತ ದೊಡ್ಡ ಸುಳಿವು ಕಣ್ಣೆದುರೇ ಇತ್ತು. ಫಲಕ ತಿಳಿನೀರಿನಷ್ಟು ಪಾರದರ್ಶಕವಾಗಿತ್ತು, ನಾನು ಅದನ್ನು ಗುಣಮಟ್ಟದ ಗುರುತೆಂದು ವರದಿಯಲ್ಲಿ ಹೊಗಳಿದ್ದೆ. ಎಣ್ಣೆ ಬೇರ್ಪಟ್ಟು ಮೈಕ್ರಾನ್ ಗಾತ್ರದ ರಬ್ಬರ್ ಹನಿಗಳಾಗಿ ನಿಂತು, ಬಿರುಕನ್ನು ತಡೆದು ಶಕ್ತಿ ನುಂಗುವಂತಾಗಿದ್ದರೆ ಫಲಕ ಸ್ವಲ್ಪವಾದರೂ ಹಾಲುಬಣ್ಣಕ್ಕೆ ತಿರುಗಬೇಕಿತ್ತು, ಮುರಿದ ಮುಖದಲ್ಲಿ ನಾಚ್‌ನ ಬುಡ ಬೆಳ್ಳಗಾಗಬೇಕಿತ್ತು. ನಮ್ಮ ತುಂಡುಗಳ ಮುರಿದ ಮುಖ ಕನ್ನಡಿಯಂತೆ ನುಣುಪಾಗಿತ್ತು.

ಸಭೆಗೆ ಆರು ವಾರ ಮೊದಲೇ ಕಳುಹಿಸಿದ್ದ ಫಲಕಗಳನ್ನು ಗ್ರಾಹಕರ ಎಂಜಿನಿಯರರು 60 ಡಿಗ್ರಿಯಲ್ಲಿ ಇರಿಸಿ ತಂದಿದ್ದರು. ಒಂದು ಮೀಟರ್ ಎತ್ತರದಿಂದ ಉಕ್ಕಿನ ಗುಂಡು ಬಿಟ್ಟರು. ಚಟ್ಟೆಂಬ ಸದ್ದಿನೊಂದಿಗೆ ಫಲಕ ನಾಲ್ಕು ತುಂಡಾಯಿತು. ನಾನು ಫಿಕ್ಸ್ಚರ್ ಸರಿಯಾಗಿ ಕೂತಿಲ್ಲ ಎಂದೆ. ಅವರು ತಾಳ್ಮೆಯಿಂದ ಬೋಲ್ಟ್‌ಗಳನ್ನು ಸಡಿಲಿಸಿ ಮತ್ತೆ ಕೂರಿಸಿದರು, ಎರಡನೆಯದೂ ಒಡೆಯಿತು. ಮೂರನೆಯದನ್ನು ನಾನೇ ಕೂರಿಸಿದೆ. ಗುಂಡು ಬೀಳುವ ಮೊದಲೇ ನನಗೆ ಉತ್ತರ ಗೊತ್ತಾಗಿತ್ತು, ಏಕೆಂದರೆ ಆ ಫಲಕ ಸುತ್ತಿ ತಂದಿದ್ದ ಕಂದು ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಫಲಕದ ಅಳತೆಗೆ ಸರಿಯಾಗಿ ಒಂದು ಚೌಕ ಎಣ್ಣೆ ಕುಡಿದು, ಕೆಳಗಿನ ಮೇಜಿನ ಗೆರೆಗಳು ಕಾಣುವಷ್ಟು ತೆಳುವಾಗಿ ಹೊಳೆಯುತ್ತಿತ್ತು. ಹಿರಿಯ ಎಂಜಿನಿಯರೊಬ್ಬರು ಕಾಗದವನ್ನು ಬೆರಳಿನಿಂದ ಉಜ್ಜಿ ನನ್ನತ್ತ ನೋಡಿದರು, ಏನೂ ಹೇಳಲಿಲ್ಲ.

ಮರುದಿನ ಸಾಕ್ಸ್‌ಲೆಟ್ ಉಪಕರಣದಲ್ಲಿ ಅಸಿಟೋನ್ ಹಾಯಿಸಿ, ಕೂಡಿಕೊಳ್ಳದ ಎಣ್ಣೆಯನ್ನು ಕರಗಿಸಿ ತೆಗೆದಾಗ, ಬೆರೆಸಿದ ಎಣ್ಣೆಯಲ್ಲಿ ದೊಡ್ಡ ಪಾಲು ಎಪಾಕ್ಸಿಯ ಅಣುಜಾಲಕ್ಕೆ ಕೂಡಿಕೊಂಡೇ ಇರಲಿಲ್ಲವೆಂದು ಕಂಡಿತು. ಅದು ಕೇವಲ ಪ್ಲಾಸ್ಟಿಸೈಸರ್ ಆಗಿ ಎಪಾಕ್ಸಿಯನ್ನು ಮೆತ್ತಗೆ ಮಾಡಿತ್ತು, ಬಿಸಿಗೆ ಹೊರಕ್ಕೆ ಒಸರಿದಾಗ ಉಳಿದದ್ದು ಹಳೆಯ ಪೆಡಸು ಎಪಾಕ್ಸಿ. ಡಿಎಂಎಯಲ್ಲಿ (ಬಿಸಿ ಮಾಡುತ್ತಾ ಬಿಗಿತ ಅಳೆಯುವ ಪರೀಕ್ಷೆ) ಬಿಸಿಯಲ್ಲಿ ಇರಿಸಿದ್ದ ಫಲಕದ ಟಿಜಿ, ಅಂದರೆ ಪ್ಲಾಸ್ಟಿಕ್ ಮೆತ್ತಗಾಗುವ ತಾಪ, ಹೊಸದಕ್ಕಿಂತ ಮೇಲೇರಿತ್ತು. ನಾವು ಅಳೆದಿದ್ದ ತಾಳಿಕೆ ತಾತ್ಕಾಲಿಕ ಮೆತ್ತನೆತನವಷ್ಟೇ.

ಆಮೇಲಿನ ತಿಂಗಳುಗಳಲ್ಲಿ ಎಣ್ಣೆಯನ್ನು ಮೊದಲು ಅಮೀನ್ ಜೊತೆಗೆ ಹೆಚ್ಚು ತಾಪದಲ್ಲಿ ವರ್ತಿಸಲು ಬಿಟ್ಟು, ನಂತರ ಎಪಾಕ್ಸಿ ಸೇರಿಸುವ ಎರಡು ಹಂತದ ವಿಧಾನಕ್ಕೆ ಹೋದೆವು. ಫಲಕ ಮಸುಕಾಯಿತು, ಐಝೋಡ್ ತುಂಡಿನ ನಾಚ್ ಬುಡ ಬೆಳ್ಳಗಾಯಿತು, ಓವನ್‌ನಲ್ಲಿಟ್ಟು ತೆಗೆದರೂ ತೂಕ ಕಡಿಮೆಯಾಗಲಿಲ್ಲ. "ಇದು ಮೊದಲಿನಷ್ಟು ಚೆನ್ನಾಗಿ ಕಾಣುತ್ತಿಲ್ಲ" ಎಂದು ಮೇಲಿನವರು ಎರಡು ಬಾರಿ ಹೇಳಿದರು. ಇನ್ನೊಂದು ಓವನ್‌ಗಾಗಿ ನಾನು ಕೊಟ್ಟ ಮನವಿ ಇಂದಿಗೂ ಅವರ ಬಳಿಯೇ ಇದೆ. ಆದರೆ ಪೂರ್ತಿ ಪೋಸ್ಟ್ ಕ್ಯೂರ್ ಆಗದ, ಓವನ್‌ನಲ್ಲಿ ಇರಿಸುವ ಮೊದಲೂ ನಂತರವೂ ತೂಕ ನೋಡದ ತುಂಡಿನ ಅಂಕಿಗೆ ನಾನು ಈಗ ಸಹಿ ಹಾಕುವುದಿಲ್ಲ. ಗ್ರಿಪ್ ಜಾರುತ್ತಿದೆ ಎಂದು ಸಹೋದ್ಯೋಗಿ ಕರೆದರೆ ಕುರ್ಚಿ ಬಿಟ್ಟು ಎದ್ದು ಹೋಗಿ, ಆ ತುಂಡನ್ನು ಕಂದು ಕಾಗದದಲ್ಲಿ ಸುತ್ತಿ ರಾತ್ರಿಯಿಡೀ ಓವನ್‌ನಲ್ಲಿ ಇಡುತ್ತೇನೆ.