ಒಂದು ಅರ್ಜಿ, ನಾಲ್ಕು ಎಸ್‌ಎಂಎಸ್

ಆ ಗುರುವಾರ ಸಂಜೆ ಮೇಜಿನ ಮೇಲಿದ್ದ ಫೋನ್ ಮೂರು ಸಲ ಗುಂಯ್ ಎಂದಿತು. ಯಾರೋ ಕ್ರೆಡಿಟ್ ಕಾರ್ಡಿನವರ ಕಾಟ ಅಂದುಕೊಂಡು ಬೋರಲು ಹಾಕಿದೆ. ಕಾಕ್‌ಪಿಟ್‌ನಲ್ಲಿ (ಪ್ರಾಸೆಸ್‌ಗಳ ಮೇಲೆ ಕಣ್ಣಿಡುವ ಪರದೆ) ಎಲ್ಲೆಲ್ಲಿ ಕೆಟ್ಟಿದೆ ಅಂತ ತೋರಿಸುವ ಕೆಂಪು ಚುಕ್ಕೆಗಳು ಏರುತ್ತಿದ್ದವು, ಫೋನ್ ನೋಡೋಕೆ ಪುರುಸೊತ್ತೆಲ್ಲಿ?

ಕೆಲಸದ ಹಂತಗಳನ್ನು ಒಂದಾದಮೇಲೊಂದು ಓಡಿಸುವ ಇಂಜಿನ್ ಕಮುಂಡಾ 7ರಲ್ಲಿ ಓಡುವ ಸಾಲದ ಅರ್ಜಿಯ ಪ್ರಾಸೆಸ್ ಅದು. ಮೊದಲು ಎಸ್‌ಎಂಎಸ್ ಟಾಸ್ಕ್, ಅದರ ಬೆನ್ನಿಗೇ ದಾಖಲೆ ಪರಿಶೀಲನೆಯ ಕಾಲ್ ಆಕ್ಟಿವಿಟಿ, ಅಂದರೆ ಈ ಪ್ರಾಸೆಸ್ (ಪೇರೆಂಟ್) ಇನ್ನೊಂದು ಪ್ರಾಸೆಸ್ಸನ್ನು (ಚೈಲ್ಡ್) ಕರೆಯುವ ಹಂತ. ಆವತ್ತು ಮಧ್ಯಾಹ್ನ ಚೈಲ್ಡ್ ಪ್ರಾಸೆಸ್‌ಗೆ ಒಂದು ಗೇಟ್‌ವೇ (ಷರತ್ತು ನೋಡಿ ಮುಂದಿನ ದಾರಿ ಆರಿಸುವ ಹಂತ) ಸೇರಿಸಿ ಡಿಪ್ಲಾಯ್ ಮಾಡಿದ್ದೆ. ಅಷ್ಟೇ.

ಇನ್ಸಿಡೆಂಟ್, ಅಂದರೆ ಪ್ರಯತ್ನವೆಲ್ಲ ಸೋತು ನಿಂತ ಗುರುತು, ಕೂತಿದ್ದು ಎಸ್‌ಎಂಎಸ್ ಟಾಸ್ಕ್ ಮೇಲೆ. ಮೆಸೇಜ್ ಮಾತ್ರ 'ಲೋನ್‌ಟೈಪ್' ವೇರಿಯಬಲ್ ಸಿಗ್ತಿಲ್ಲ ಅನ್ನುತ್ತಿತ್ತು. ಪೇರೆಂಟ್ ತೆಗೆದು ನೋಡಿದರೆ, ಇದೆ! ಡೇಟಾಬೇಸಿಗೇ ಇಳಿದೆ. ಎಕ್ಸಿಕ್ಯೂಷನ್ ಟೇಬಲ್‌ನಲ್ಲಿ ಯಾವ ಪೇರೆಂಟ್ ಕರೆದದ್ದು ಅಂತ ಹೇಳುವ ಸೂಪರ್ ಎಕ್ಸೆಕ್ ಕಾಲಂ ಹಿಡಿದು ಚೈಲ್ಡ್ ಹುಡುಕಿದೆ. ಒಂದು ಸಾಲೂ ಇಲ್ಲ. ಅಂದರೆ ಚೈಲ್ಡ್ ಶುರುವೇ ಆಗಿಲ್ಲ, ತಪ್ಪು ನನ್ನದಲ್ಲ. ಆ ಎರಡು ನಿಮಿಷ ಎಂಥ ನೆಮ್ಮದಿ! ಎಸ್‌ಎಂಎಸ್ ಟೀಮಿನ ತಲೆಗೆ ಟಿಕೆಟ್ ಕಟ್ಟಿದೆ. ಸುಮ್ನೆ ಇರಬಾರದು ಅಂತ ಎಲ್ಲ ಇನ್ಸ್ಟನ್ಸ್‌ಗಳಿಗೂ (ಒಂದೊಂದು ಅರ್ಜಿಗೂ ಒಂದು) ರಿಟ್ರೈ ಒತ್ತಿದೆ. ಫೋನ್ ಮತ್ತೆ ಗುಂಯ್.

ನಮ್ಮ ಲೀಡ್ ಮೇಡಂ ಬಂದು ನಿಂತರು. "ಕಾಲ್ ಆಕ್ಟಿವಿಟಿಗೆ ಅಸಿಂಕ್ ಬಿಫೋರ್ ಇದೆಯಾ?" ಅಂದರೆ, ಆ ಹಂತಕ್ಕೆ ಮುಂಚೆ ಅಲ್ಲಿಯವರೆಗಿನದನ್ನು ಡೇಟಾಬೇಸಿಗೆ ಉಳಿಸುವ ಗುರುತು.

"ಇಲ್ಲ ಮೇಡಂ, ಎಸ್‌ಎಂಎಸ್‌ಗೆ ಮಾತ್ರ ಇದೆ."

"ಹಾಗಾದ್ರೆ ಚೈಲ್ಡ್‌ನಲ್ಲಿ ಬಿದ್ರೆ ಎಲ್ಲಿಗೆ ರೋಲ್‌ಬ್ಯಾಕ್ ಆಗುತ್ತೆ, ಹೇಳಿ?"

ಹೊಟ್ಟೆ ತಣ್ಣಗಾಯಿತು. ಕೊನೆಗೆ ಉಳಿಸಿದ ಜಾಗಕ್ಕೇ ವಾಪಸ್, ಅಂದರೆ ಎಸ್‌ಎಂಎಸ್‌ಗೆ ಮುಂಚೆ. ಚೈಲ್ಡ್ ಶುರುವಾಗಿತ್ತು. ನನ್ನ ಗೇಟ್‌ವೇ ಹತ್ತಿರ ಆ ವೇರಿಯಬಲ್ ಸಿಗದೆ ಬಿದ್ದು, ಅದೇ ಟ್ರಾನ್ಸಾಕ್ಷನ್ ಜೊತೆ ಟೇಬಲ್ಲಿನ ತನ್ನ ಸಾಲನ್ನೂ ಅಳಿಸಿಕೊಂಡು ಹೋಗಿತ್ತು. ಪ್ರತಿ ಸಲವೂ ಎಸ್‌ಎಂಎಸ್‌ನಿಂದಲೇ ಮತ್ತೆ ಶುರು. ಹೋದ ಎಸ್‌ಎಂಎಸ್ ರೋಲ್‌ಬ್ಯಾಕ್ ಆಗುತ್ತಾ? ಡಿಫಾಲ್ಟ್ ಮೂರು ಪ್ರಯತ್ನ ಇಂಜಿನ್‌ದು, ನಾಲ್ಕನೆಯದು ನನ್ನ ಕೈಯಾರೆ. ಫೋನ್ ಮಗುಚಿ ನೋಡಿದೆ. ಡಿಪ್ಲಾಯ್ ಆದಮೇಲೆ ಎಲ್ಲ ಓಡುತ್ತಾ ಅಂತ ನೋಡುವ ಸ್ಮೋಕ್ ಟೆಸ್ಟ್ ಅರ್ಜಿಗೆ ನನ್ನ ನಂಬರನ್ನೇ ಕೊಟ್ಟಿದ್ದೆ. "ನಿಮ್ಮ ಅರ್ಜಿ ಪರಿಶೀಲನೆಗೆ ಹೋಗಿದೆ", ನಾಲ್ಕು ಸಲ. ಗ್ರಾಹಕರಿಗೂ ಅಷ್ಟೇ.

ಪೇರೆಂಟ್‌ನಲ್ಲಿ ವೇರಿಯಬಲ್ ಇದ್ದರೆ ಸಾಲದು, ಚೈಲ್ಡ್‌ಗೆ ಏನೇನು ದಾಟಿಸಬೇಕು ಅನ್ನುವ ಇನ್ ಮ್ಯಾಪಿಂಗ್‌ನಲ್ಲಿ ಬರೆಯಬೇಕು. ಬರೆದಿರಲಿಲ್ಲ. ಚೈಲ್ಡ್ ಒಂದನ್ನೇ ಸ್ಟಾರ್ಟ್ ಮಾಡಿ, ವೇರಿಯಬಲ್ ಕೈಯಾರೆ ಕೊಟ್ಟು ಟೆಸ್ಟ್ ಮಾಡಿದ್ದೆ. ಪಾಸ್ ಆಗದೆ ಇನ್ನೇನು? ಚೈಲ್ಡ್‌ನ ಯಾವ ವರ್ಷನ್ ಕರೆಯಬೇಕು ಅನ್ನುವ ಬೈಂಡಿಂಗ್ ಬೇರೆ ಲೇಟೆಸ್ಟ್. ಅದೇ ಡಿಫಾಲ್ಟ್, ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಬೆಳಿಗ್ಗೆ ಶುರುವಾದ ಹಳೆಯ ಅರ್ಜಿಗಳೂ ಹೊಸ ಚೈಲ್ಡ್‌ಗೇ ಬಂದು ಬಿದ್ದವು.

ಪೇರೆಂಟ್ ತಿದ್ದಿ ಡಿಪ್ಲಾಯ್ ಮಾಡೋಣ ಅಂದೆ. ಸಿಕ್ಕಿಬಿದ್ದಿರೋದು ಹಳೆ ಪೇರೆಂಟ್ ವರ್ಷನ್‌ನಲ್ಲಿ ಅಲ್ವಾ, ಹೊಸದು ಅವಕ್ಕೆ ತಾಗಲ್ಲ ಅಂದರು ಮೇಡಂ. ಕೊನೆಗೆ ಹಳೆಯ ಚೈಲ್ಡನ್ನೇ ಮತ್ತೆ ಡಿಪ್ಲಾಯ್ ಮಾಡಿದೆವು. ರಿಟ್ರೈ ಬಟನ್ ಹತ್ತಿರ ನನ್ನನ್ನು ಬಿಡಲಿಲ್ಲ. ಅವರೇ ಇಂಜಿನ್‌ಗೆ ನೇರ ಆದೇಶ ಕೊಡುವ ರೆಸ್ಟ್ ಎಪಿಐಯಿಂದ ಮಾಡಿಫಿಕೇಷನ್ ಕೊಟ್ಟು, ಎಸ್‌ಎಂಎಸ್ ದಾಟಿಸಿ, ಕಾಲ್ ಆಕ್ಟಿವಿಟಿಯಿಂದ ಶುರು ಮಾಡಿದರು. ಅಸಿಂಕ್ ಬಿಫೋರ್, ಮ್ಯಾಪಿಂಗ್, ಚೈಲ್ಡ್‌ನ ಗೊತ್ತಾದ ವರ್ಷನ್ನನ್ನೇ ಹಿಡಿಯುವ ವರ್ಷನ್ ಟ್ಯಾಗ್ ಎಲ್ಲ ಮುಂದಿನ ವಾರ ಸೇರಿದವು. ಅದಕ್ಕೂ ಚೇಂಜ್ ಅಪ್ರೂವಲ್ ಮೂರು ಜನರದ್ದು ಬೇಕಿತ್ತು. ಗೇಟ್‌ವೇ ಹಾಕುವಾಗ ಒಬ್ಬರೂ ಕೇಳಿರಲಿಲ್ಲ.

ರಾತ್ರಿ ಹತ್ತಕ್ಕೆ ಎಸ್‌ಎಂಎಸ್ ಟೀಮಿನ ಹುಡುಗನಿಂದ ನನ್ನ ಟಿಕೆಟ್‌ಗೆ ಉತ್ತರ ಬಂತು. "ಸರ್, ನಮ್ಮ ಕಡೆಯಿಂದ ನಾಲ್ಕೂ ಡೆಲಿವರಿ ಆಗಿದೆ. ಕ್ಲೋಸ್ ಮಾಡ್ಲಾ?"