ತೊಗಲುಗೊಂಬೆ, ಕಂತು 7: ಹನುಮಪ್ಪನ ಹನ್ನೆರಡು ಬಾಲ

ಹುಡುಗರ ಜೊತೆ ಮಾಡುತ್ತಿರುವ ತೊಗಲುಗೊಂಬೆ ಆಟದಲ್ಲಿ, ಪರದೆಯ ಮೇಲೆ ನೆರಳು ಬೀಳಿಸುವ ದೀಪ ಅಂತೂ ದಾರಿಗೆ ಬಂತು! ಮೂರು ಭಾನುವಾರ, ನಾಲ್ಕು ಎಲ್‌ಇಡಿ, ಒಂದು ಸುಟ್ಟ ಬೆರಳು. ಇಷ್ಟು ಖರ್ಚು.

ಗೊಂಬೆ ಮಾಡಿದ ಕಥೆ ಬೇಡ. ಆಡಿನ ತೊಗಲು ಕೆರೆಯೋದು, ಉಳಿ ಹಿಡಿದು ತೂತು ಹೊಡೆಯೋದು ನಿಮಗೆ ಗೊತ್ತಿರೋದೇ. ಧಾರಾವಿಯಿಂದ ತಂದ ತೊಗಲಿನ ವಾಸನೆಗೆ ಮನೆಯಲ್ಲಿ ಏನೇನು ಮಾತು ಬಂತು ಅನ್ನೋದೂ ಬೇಡ. ಹುಡುಗರ ಗೊಂಬೆಗಳಿಗೆ ಪ್ಲಾಸ್ಟಿಕ್ ಫೈಲಿನ ಹಾಳೆಯೇ ಸಾಕಾಯಿತು.

ಹೊಸಬರಿಗೆ ಒಂದು ಮಾತು. ಈ ಹುಡುಗರು ಮುಂಬೈನ ಮಾನ್‌ಖುರ್ದ್ ಬಸ್ತಿಯ ಮಕ್ಕಳು. ಅಪ್ಪ ಅಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಮುಂಬೈ ಪಾಲಿಕೆಗೆ ಕನ್ನಡ ಶಾಲೆಗಳೂ ಇವೆ. ಆದರೆ ಇವರು ಹೋಗೋದು ಹತ್ತಿರದ ಹಿಂದಿ ಶಾಲೆಗೆ. ಹಾಗಾಗಿ ನಮ್ಮ ಆಟದ ಮಾತೆಲ್ಲ ಅಪ್ಪಟ ಕಲಬುರಗಿ ಕನ್ನಡ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಮಾತ್ರ ದೇವನಾಗರಿಯಲ್ಲಿ!

ಈಗ ದೀಪದ ರಗಳೆ. ಮೊದಲ ದಿನ ಹನ್ನೆರಡು ಎಲ್‌ಇಡಿ ಮಣಿಯ ಫ್ಲಡ್‌ಲೈಟ್ ಹಚ್ಚಿದೆ. ಬೆಳಕು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಆರನೇ ಕ್ಲಾಸಿನ ಹುಡುಗಿ ಪರದೆಯ ಆ ಕಡೆಯಿಂದ ಕೂಗಿದಳು: "ಸರ್, ಹಣಮಪ್ಪಗ ಎಷ್ಟ್ ಬಾಲ ಅವ್ರೀ?"

ಒಂದೊಂದು ಮಣಿಗೂ ಒಂದೊಂದು ನೆರಳು. ಸರಿ, ಮುಂದೆ ಬಟರ್ ಪೇಪರ್ ಅಂಟಿಸಿದೆ. ಹನ್ನೆರಡು ಬಾಲ ಹೋಗಿ ಒಂದು ಹತ್ತಿಯ ಉಂಡೆ ಬಂತು. ಆಮೇಲೆ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಬಟರ್ ಪೇಪರ್ ಅಂಟಿಸಿದರೆ 10 ಸೆಂ.ಮೀ. ಅಗಲದ ಆ ಇಡೀ ಹಾಳೆಯೇ ದೀಪ. ದೀಪದಿಂದ ಗೊಂಬೆ 100 ಸೆಂ.ಮೀ., ಗೊಂಬೆಯಿಂದ ಪರದೆ 20 ಸೆಂ.ಮೀ. ಅಂದರೆ ನೆರಳಿನ ಅಂಚು 10 × 20 ÷ 100, ಅಂದರೆ 2 ಸೆಂ.ಮೀ. ಮಸುಕು. ಕಿರೀಟದ ತೂತುಗಳು ಉಳಿಯೋದು ಎಲ್ಲಿಂದ?

ಪರದೆಗೆ ಒತ್ತಿ ಹಿಡೀರಪ್ಪಾ ಅಂದೆ. ಆಟದವರು ಹಿಡಿಯೋದೂ ಹಾಗೇ. ಕೇಳಬೇಕಲ್ಲ! ಗೊಂಬೆಯನ್ನು ದೀಪದ ಕಡೆ ಎಳೆದರೆ ನೆರಳು ಬೆಳೆಯುತ್ತದೆ ಅಂತ ಅವರು ಆಗಲೇ ಕಂಡುಕೊಂಡಿದ್ದರು. ಹನುಮಂತ ಬೆಳೀಬೇಕಲ್ವಾ? ಅವರ ವಾದ ಸರಿಯಾಗೇ ಇತ್ತು. ದೀಪವೇ ಬದಲಾಗಬೇಕಿತ್ತು.

ಬೇಕಾಗಿದ್ದು ಸಾಸಿವೆ ಕಾಳಿನಷ್ಟು ದೀಪ. ಒಂಟಿ ಮಣಿಯ 3 ವಾಟ್ ಎಲ್‌ಇಡಿ, ಮೇಲಿನ ಲೆನ್ಸ್ ಕಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನ ಒಬ್ಬ ಮಹಾನುಭಾವ "ಪಕ್ಕಾ ತೀನ್ ವಾಟ್" ಅಂತ ಮೂರು ಕೊಟ್ಟ. 700 ಮಿಲಿಆಂಪ್ ಕರೆಂಟ್ ಕೊಟ್ಟದ್ದೇ ತಡ, ಒಂದೊಂದೂ ನೀಲಿಗೆ ತಿರುಗಿ ಪ್ರಾಣ ಬಿಟ್ಟಿತು. ವಾಪಸ್ ಕೊಡಲು ಹೋದರೆ ಚಹಾ ಕೊಟ್ಟ, ದುಡ್ಡು ಕೊಡಲಿಲ್ಲ. ನಾಲ್ಕನೆಯದನ್ನು ಬೇರೆ ಅಂಗಡಿಯಲ್ಲಿ ತಂದೆ. ಹಳೇ ಕಂಪ್ಯೂಟರಿನ ಹೀಟ್‌ಸಿಂಕ್‌ಗೆ, ಅಂದರೆ ಬಿಸಿ ಹೀರುವ ಲೋಹದ ತುಂಡಿಗೆ, ಕೂರಿಸಿದೆ. ಬೆರಳು ಸುಟ್ಟದ್ದು ಇಲ್ಲೇ.

ಈಗ ಅದೇ ಅಳತೆಯಲ್ಲಿ ಮಸುಕು ಅರ್ಧ ಮಿ.ಮೀ. ಕೂಡ ಇಲ್ಲ. ದೀಪದಿಂದ 40 ಸೆಂ.ಮೀ.ಗೆ ಎಳೆದರೆ ಹನುಮಂತ ಮೂರು ಪಟ್ಟು. ಅಂಚು ಕೊಂಚ ಮೆತ್ತಗಾಗುತ್ತದೆ, ಆದರೂ ಹಲ್ಲು ಎಣಿಸಬಹುದು. ಹುಡುಗಿ ಎಣಿಸಿದಳು. ಒಂಬತ್ತು.

ಒಂದು ತೊಂದರೆ: ಈ ದೀಪಕ್ಕೆ ಕತ್ತಲೆ ಬೇಕು. ನಮ್ಮ ಆಟ ನಡೆಯೋದು ತಗಡಿನ ಖೋಲಿಯಲ್ಲಿ, ತುಂಬಾ ಮೊಳೆ ತೂತು. ತಾಡಪತ್ರಿ ಕಟ್ಟುವಾಗ ಒಬ್ಬ ಹುಡುಗ ನೆಲ ತೋರಿಸಿದ. ತೂತುಗಳೆಲ್ಲ ಹರಕು ಮುರುಕು, ಬಿದ್ದ ಬಿಸಿಲು ಮಾತ್ರ ದುಂಡಗೆ. ಅದು ಸೂರ್ಯನದೇ ಚಿತ್ರ ಕಣೋ ಅಂದೆ. ನಂಬಲಿಲ್ಲ. ಹಾಗಾಗಿ ಮುಂದಿನ ಕೆಲಸ ಗೊತ್ತಾಯಿತು: ಒಂದೇ ತೂತು ಬಿಟ್ಟು ಉಳಿದದ್ದೆಲ್ಲ ಮುಚ್ಚಿ, ಇಡೀ ಖೋಲಿಯನ್ನೇ ಕ್ಯಾಮರಾ ಮಾಡೋದು. ಗಲ್ಲಿಯ ಜನ ಗೋಡೆಯ ಮೇಲೆ ತಲೆಕೆಳಗಾಗಿ ಓಡಾಡಬೇಕು. ಬಿಳಿ ಬೆಡ್‌ಶೀಟ್ ಈಗಲೇ ಎತ್ತಿಟ್ಟಿದ್ದೇನೆ, ಮನೆಯಲ್ಲಿ ಹೇಳಿಲ್ಲ.

ಅದಕ್ಕೂ ಮುಂಚೆ ಲಂಕೆ ಸುಡಬೇಕು. ಕೆಂಪು ಹಾಳೆ ಬೇಕು. ಫೈಲಿನ ಅಂಗಡಿಯವನ ಹತ್ತಿರ ಹಸಿರು ಬಿಟ್ಟು ಬೇರೆ ಇಲ್ಲ. ಹಸಿರು ಬೆಂಕಿಗೆ ಹುಡುಗರು ಒಪ್ಪುತ್ತಿಲ್ಲ.